ಕಡಲಾಚೆಯ ದಫ್ತರಗಳಲ್ಲಿ ಐರಿಷ್ ಪೂರ್ವಜರು

16ನೇ ಶತಮಾನದ ಕೊನೆಯಿಂದ 18ನೇ ಶತಮಾನದ ಕೊನೆಯವರೆಗೆ, ಸುಮಾರು ಇನ್ನೂರು ವರ್ಷ, ಐರ್ಲೆಂಡಿನ ಕ್ಯಾಥೊಲಿಕ್ ಮನೆತನದ ಹುಡುಗ ಹೆಚ್ಚಿನ ಓದು ಓದಬೇಕೆಂದರೆ ಹಡಗು ಹತ್ತಬೇಕಿತ್ತು. ಸಲಮಾಂಕಾ, ಲಿಸ್ಬನ್, ಪ್ಯಾರಿಸ್, ಲೂವೆನ್, ರೋಮ್, ಪ್ರಾಗ್ ಮುಂತಾದ ಊರುಗಳ ವಿಶ್ವವಿದ್ಯಾಲಯಗಳಲ್ಲೂ ಅವುಗಳ ಆಸರೆಯಲ್ಲಿ ಹುಟ್ಟಿದ ಐರಿಷ್ ಕಾಲೇಜುಗಳಲ್ಲೂ ಸಾವಿರಾರು ಮಂದಿ ಹೀಗೆ ಓದಿದರು. ಅವರ ಹೆಸರು, ಹುಟ್ಟಿದ ಸೀಮೆ, ಕೆಲವೆಡೆ ತಂದೆತಾಯಿಯ ಹೆಸರು ಕೂಡ ಅಲ್ಲಿನ ದಫ್ತರಗಳಲ್ಲಿ ಉಳಿದುಕೊಂಡಿವೆ. ವಂಶದ ಬೇರು ಹುಡುಕುವ ಐರಿಷ್ ಮೂಲದವರು ಇಂದು ಐರ್ಲೆಂಡಿನಲ್ಲಷ್ಟೇ ಅಲ್ಲ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರ ಹುಡುಕಾಟ 1800ರ ಆಸುಪಾಸಿಗೆ ಬಂದು ನಿಂತುಬಿಡುತ್ತದೆ. ಅದಕ್ಕೂ ಹಿಂದಕ್ಕೆ ದಾರಿ ತೋರುವ ಕೆಲವೇ ಆಕರಗಳಲ್ಲಿ ಈ ಪರದೇಶದ ದಫ್ತರಗಳು ಸೇರಿವೆ.

ಹುಡುಕಾಟ ಅಲ್ಲಿಗೇ ನಿಲ್ಲುವುದಕ್ಕೆ ಕಾರಣ ಐರ್ಲೆಂಡಿನ ಇತಿಹಾಸದಲ್ಲೇ ಇದೆ. ಜನನ, ಮರಣಗಳನ್ನು ಸರ್ಕಾರ ಎಲ್ಲರಿಗೂ ಅನ್ವಯಿಸುವಂತೆ ನೋಂದಾಯಿಸತೊಡಗಿದ್ದು 1864ರಲ್ಲಿ. ಕ್ಯಾಥೊಲಿಕ್ ಚರ್ಚುಗಳ ಜ್ಞಾನಸ್ನಾನ ಮತ್ತು ಮದುವೆ ಪುಸ್ತಕಗಳು ಕೆಲವು ಪಟ್ಟಣಗಳಲ್ಲಿ ಮಾತ್ರ ಹಳೆಯವು; ಬಹುಪಾಲು ಹಳ್ಳಿಗಳಲ್ಲಿ 18ನೇ ಶತಮಾನದ ಕೊನೆಯಲ್ಲೋ 19ನೇ ಶತಮಾನದಲ್ಲೋ ಶುರುವಾಗುತ್ತವೆ. ಆರಾಧನೆಗೇ ಅಡ್ಡಿಯಿದ್ದ ಕಾಲದಲ್ಲಿ ಪುಸ್ತಕ ಬರೆದಿಡುವುದು ಸುಲಭವಿರಲಿಲ್ಲ. ಇವುಗಳ ಜೊತೆಗೆ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ 1922ರ ಜೂನ್ 30ರಂದು ಅಂತರ್ಯುದ್ಧದ ಬೆಂಕಿಯಲ್ಲಿ ಸುಟ್ಟುಹೋಯಿತು. ಶತಮಾನಗಳ ಉಯಿಲುಗಳು, ಜನಗಣತಿಯ ಹಾಳೆಗಳು, ನ್ಯಾಯಾಲಯದ ಕಡತಗಳು ಒಂದೇ ದಿನ ಬೂದಿಯಾದವು. ಮನೆಯ ಕಾಗದ ಹೀಗೆ ಹೋದಮೇಲೆ ಪರಸ್ಥಳದಲ್ಲಿ ಉಳಿದ ಕಾಗದದ ಬೆಲೆ ಹೆಚ್ಚಿತು.

ಹುಡುಗರು ಊರು ಬಿಡಬೇಕಾದದ್ದು ಕಾನೂನಿನ ಕಾರಣದಿಂದ. ಡಬ್ಲಿನ್‌ನ ಟ್ರಿನಿಟಿ ಕಾಲೇಜು 1592ರಲ್ಲಿ ರಾಣಿ ಮೊದಲನೆಯ ಎಲಿಜಬೆತ್‌ಳ ಸನ್ನದಿನಿಂದ ಹುಟ್ಟಿತು. ಅದು ಪ್ರಾಟೆಸ್ಟೆಂಟ್ ಸಂಸ್ಥೆ. ಅಲ್ಲಿ ಪದವಿ ಪಡೆಯಲು ಬೇಕಿದ್ದ ಪ್ರಮಾಣವಚನಗಳನ್ನು ಕ್ಯಾಥೊಲಿಕ್ ಶ್ರದ್ಧೆಯುಳ್ಳವನು ಮನಸ್ಸಾಕ್ಷಿಯಾಗಿ ಸ್ವೀಕರಿಸುವಂತಿರಲಿಲ್ಲ; ಈ ತಡೆ ತೆಗೆದದ್ದು 1793ರ ಕಾಯ್ದೆ. ಅಲ್ಲಿ ಬಾಗಿಲು ಮುಚ್ಚಿದ್ದಷ್ಟೇ ಸಾಲದೆಂಬಂತೆ, ಮಕ್ಕಳನ್ನು ಓದಿಗಾಗಿ ಹೊರದೇಶಕ್ಕೆ ಕಳಿಸುವುದನ್ನೂ 1695ರ ಕಾಯ್ದೆ ನಿಷೇಧಿಸಿತು. ಸಿಕ್ಕಿಬಿದ್ದರೆ ಸೊತ್ತು ಮುಟ್ಟುಗೋಲು, ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕಿನ ನಷ್ಟ. ಆದರೂ ಹುಡುಗರ ಪಯಣ ನಿಲ್ಲಲಿಲ್ಲ. ಕಾರ್ಕ್, ವಾಟರ್‌ಫರ್ಡ್, ಗಾಲ್ವೇ ಬಂದರುಗಳಿಂದ ಫ್ರಾನ್ಸ್, ಸ್ಪೇನ್, ಪೋರ್ಚುಗಲ್‌ಗಳ ಕಡೆ ಹೊರಡುತ್ತಿದ್ದ ವ್ಯಾಪಾರದ ಹಡಗುಗಳಲ್ಲಿ ಅವರಿಗೂ ಜಾಗ ಸಿಗುತ್ತಿತ್ತು. ನಾಂತ್, ಬೋರ್ಡೊ, ಲಿಸ್ಬನ್, ಆಂಟ್ವರ್ಪ್‌ನಂಥ ಬಂದರು ಪಟ್ಟಣಗಳಲ್ಲೂ ಐರಿಷ್ ಕಾಲೇಜುಗಳು ತಲೆಯೆತ್ತಿದ್ದು ಆಕಸ್ಮಿಕವಲ್ಲ. ಕೆಲವು ಹುಡುಗರು ಸುಳ್ಳು ಹೆಸರಿನಲ್ಲಿ ಹೋದರು. ಇಂದು ಹುಡುಕುವವರಿಗೆ ಅದು ದೊಡ್ಡ ತೊಡಕು.

ಇಂಥ ಕಾಲೇಜುಗಳು ಎಲ್ಲ ಸೇರಿ ಸುಮಾರು ಮೂವತ್ತು. ಲಿಸ್ಬನ್‌ನದು 1590ರ ಸುಮಾರಿನದು. ಸಲಮಾಂಕಾದ ಕಾಲೇಜನ್ನು ಕ್ಲಾನ್‌ಮೆಲ್ ಪಟ್ಟಣದ ಜೆಸ್ಯೂಟ್ ಪಾದ್ರಿ ಥಾಮಸ್ ವೈಟ್ 1592ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್‌ನ ಆಶ್ರಯದಲ್ಲಿ ಕಟ್ಟಿದ. ದೂಯೆ ಕಾಲೇಜು 1594ರಲ್ಲಿ ಬಂತು. ಪ್ಯಾರಿಸ್‌ನಲ್ಲಿ 1578ರಿಂದಲೇ ಐರಿಷ್ ವಿದ್ಯಾರ್ಥಿಗಳ ಪುಟ್ಟ ಗುಂಪೊಂದಿತ್ತು. 1677ರಲ್ಲಿ ಅವರಿಗೆ ಪಾಳುಬಿದ್ದಿದ್ದ ಲೊಂಬಾರ್ಡ್ ಕಾಲೇಜಿನ ಕಟ್ಟಡ ಸಿಕ್ಕಿತು. ಲೂವೆನ್‌ನಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸಂತ ಅಂತೋನಿ ಕಾಲೇಜು 1607ರದು, ಅಲ್ಸ್ಟರ್‌ನ ಗೇಲಿಕ್ ಪಾಳೆಯಗಾರರು ದೇಶ ಬಿಟ್ಟು ಹೊರಟ ವರ್ಷದ್ದು. ರೋಮ್‌ನ ಸಂತ ಇಸಿದೋರ್ ಕಾಲೇಜು 1625ರಲ್ಲಿ, ಅಲ್ಲಿನ ಐರಿಷ್ ಕಾಲೇಜು 1628ರಲ್ಲಿ ಶುರುವಾದವು. ಎರಡರ ಹಿಂದೆಯೂ ಇದ್ದವನು ವಾಟರ್‌ಫರ್ಡ್‌ನ ಲ್ಯೂಕ್ ವಾಡಿಂಗ್. 1629ರಲ್ಲಿ ಪ್ರಾಗ್‌ಗೆ ಬಂದ ಐರಿಷ್ ಸಂನ್ಯಾಸಿಗಳ ನೆನಪು ಅಲ್ಲಿನ ಹಿಬರ್ನ್‌ಸ್ಕಾ ಬೀದಿಯ ಹೆಸರಿನಲ್ಲಿ ಇಂದಿಗೂ ಇದೆ.

18ನೇ ಶತಮಾನದ ಕೊನೆಗೆ, ಫ್ರಾನ್ಸಿನ ಕ್ರಾಂತಿಯ ಹೊತ್ತಿನ ಲೆಕ್ಕವೊಂದರ ಪ್ರಕಾರ ಈ ಕಾಲೇಜುಗಳಲ್ಲಿ 478 ಮಂದಿಗೆ ಜಾಗವಿತ್ತು. ಅದರಲ್ಲಿ 348 ಫ್ರಾನ್ಸಿನಲ್ಲೇ: ಪ್ಯಾರಿಸ್‌ನಲ್ಲಿ 180, ನಾಂತ್‌ನಲ್ಲಿ 80, ಬೋರ್ಡೊದಲ್ಲಿ 40, ದೂಯೆಯಲ್ಲಿ 30, ತುಲೂಸ್‌ನಲ್ಲಿ 10, ಲೀಲ್‌ನಲ್ಲಿ 8. ಲೂವೆನ್‌ನಲ್ಲಿ 40, ಸಲಮಾಂಕಾದಲ್ಲಿ 32, ಆಂಟ್ವರ್ಪ್‌ನಲ್ಲಿ 30, ರೋಮ್‌ನಲ್ಲಿ 16, ಲಿಸ್ಬನ್‌ನಲ್ಲಿ 12. ಎಲ್ಲಿ ಹುಡುಕಿದರೆ ಫಲ ಹೆಚ್ಚು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. 17ನೇ ಶತಮಾನದ ಮೊದಲರ್ಧದ ವಿದ್ಯಾರ್ಥಿಯಾದರೆ ಸ್ಪೇನ್ ಮತ್ತು ಲೂವೆನ್, 18ನೇ ಶತಮಾನದವನಾದರೆ ಮೊದಲು ಫ್ರಾನ್ಸ್.

ದಫ್ತರಗಳಲ್ಲಿ ಸಿಗುವ ವಿವರ ಊರಿಂದೂರಿಗೆ ಬೇರೆ. ಅವುಗಳಲ್ಲಿ ಅತ್ಯಂತ ಉದಾರವಾದವು ಸಲಮಾಂಕಾದ ಪ್ರಮಾಣಪತ್ರಗಳು. ಕಾಲೇಜಿಗೆ ಸೇರುವ ಹುಡುಗ ಓದು ಮುಗಿಸಿ ಐರ್ಲೆಂಡಿಗೆ ಮರಳಿ ಧರ್ಮಸೇವೆ ಮಾಡುವೆನೆಂದು ಪ್ರಮಾಣ ಮಾಡುತ್ತಿದ್ದ. ಆ ಹೊತ್ತಿನಲ್ಲಿ ತನ್ನ ವಯಸ್ಸು, ಹುಟ್ಟಿದ ಧರ್ಮಪ್ರಾಂತ್ಯ, ತಂದೆಯ ಹೆಸರು, ತಾಯಿಯ ಹೆಸರು ತವರುಮನೆಯ ಹೆಸರಿನೊಂದಿಗೆ ಬರೆದುಕೊಡುತ್ತಿದ್ದ. 1600ರ ಸುಮಾರಿನ ಐರಿಷ್ ಹೆಂಗಸೊಬ್ಬಳ ತವರುಮನೆ ಯಾವುದೆಂದು ಐರ್ಲೆಂಡಿನ ಯಾವ ಕಾಗದವೂ ಹೇಳದಿರುವಾಗ ಸ್ಪೇನಿನ ಈ ಹಾಳೆ ಹೇಳುತ್ತದೆ. 1595ರಿಂದ 1619ರವರೆಗಿನ ಈ ವಿದ್ಯಾರ್ಥಿಗಳ ವಿವರಗಳನ್ನು ಡೆನಿಸ್ ಓ'ಡೊಹರ್ಟಿ ‘ಆರ್ಕೈವಿಯಮ್ ಹೈಬರ್ನಿಕಮ್’ ಪತ್ರಿಕೆಯಲ್ಲಿ 1913ರಿಂದ ಅಚ್ಚು ಮಾಡಿಸಿದರು. ಓದು ಮುಗಿಸಿ ಊರಿಗೆ ಹೊರಟವರಿಗೆ ಸ್ಪೇನಿನ ಅರಮನೆ ದಾರಿಖರ್ಚು ಕೊಡುತ್ತಿತ್ತು. ಅದಕ್ಕಾಗಿ ಸಲ್ಲಿಸಿದ ಅರ್ಜಿಗಳಿಂದ ಯಾರು ಯಾವಾಗ ಮರಳಿದರೆಂದು ತಿಳಿಯುತ್ತದೆ.

ಲೂವೆನ್ ವಿಶ್ವವಿದ್ಯಾಲಯದ ಪ್ರವೇಶ ಪುಸ್ತಕದಲ್ಲಿ ತಂದೆತಾಯಿಯ ಹೆಸರು ಅಪರೂಪ, ಆದರೆ ಬೇರೆ ಸಂಗತಿಗಳಿವೆ. ಅಲ್ಲಿ ಕಲಾ ವಿಭಾಗದ ಹುಡುಗರು ಗಿಡುಗ, ಕೋಟೆ, ನೈದಿಲೆ, ಹಂದಿ ಎಂಬ ಹೆಸರಿನ ನಾಲ್ಕು ವಿದ್ಯಾರ್ಥಿಮನೆಗಳಲ್ಲಿ ಹಂಚಿಹೋಗಿದ್ದರು. ಯಾವ ಮನೆಗೆ ಸೇರಿದ, ಶುಲ್ಕ ಕಟ್ಟಬಲ್ಲ ಸಿರಿವಂತನೋ ಬಡವನೋ, ಪ್ರಮಾಣ ಮಾಡುವ ವಯಸ್ಸಾಗಿತ್ತೋ ಇಲ್ಲವೋ ಎಂಬುದನ್ನು ಗುಮಾಸ್ತ ಗುರುತು ಹಾಕಿಡುತ್ತಿದ್ದ. ಲೂವೆನ್‌ನ ಗ್ರಂಥಾಲಯ 1914ರಲ್ಲೂ 1940ರಲ್ಲೂ ಯುದ್ಧದ ಬೆಂಕಿಗೆ ತುತ್ತಾಯಿತು. ಆದರೆ ಪ್ರವೇಶ ಪುಸ್ತಕಗಳು ಬ್ರಸೆಲ್ಸ್‌ನ ಸರ್ಕಾರಿ ದಾಖಲಾಲಯದಲ್ಲಿ ಉಳಿದವು, ಅಚ್ಚೂ ಆಗಿವೆ. ಅವುಗಳಿಂದಲೂ ಬೇರೆ ಆಕರಗಳಿಂದಲೂ ಐರಿಷ್ ಹೆಸರುಗಳನ್ನು ಹೆಕ್ಕಿ ಯೆರೂನ್ ನಿಲಿಸ್ 1548ರಿಂದ 1797ರವರೆಗಿನ ಪಟ್ಟಿಯೊಂದನ್ನು ಪ್ರಕಟಿಸಿದ್ದಾರೆ. ಪ್ಯಾರಿಸ್ ಮತ್ತು ತುಲೂಸ್‌ಗಳಿಗೆ ಇಂಥದೇ ಕೆಲಸವನ್ನು ಲಾರೆನ್ಸ್ ಬ್ರಾಕ್ಲಿಸ್ ಮತ್ತು ಪಾತ್ರಿಕ್ ಫೆರ್ತೆ ಮಾಡಿದರು. 1573ರಿಂದ 1792ರವರೆಗಿನ ಐರಿಷ್ ಪಾದ್ರಿಗಳ ಅವರ ಪಟ್ಟಿ 2004ರಲ್ಲಿ ಅಚ್ಚಾಯಿತು. ಲ್ಯಾಟಿನ್ ಬಾರದವರು ನೇರವಾಗಿ ಮೂಲ ದಫ್ತರಕ್ಕೆ ಹೋಗುವ ಮೊದಲು ಈ ಪಟ್ಟಿಗಳನ್ನು ನೋಡುವುದೇ ಸರಿ. ಪ್ಯಾರಿಸ್‌ನ ಕಡತಗಳಲ್ಲಿ ಹೊಸಬರು ಕಾಣದೆ ಪೇಚಾಡುವ ಒಂದು ಜಾಗವಿದೆ: ಅಲ್ಲಿನ ಕಲಾ ವಿಭಾಗ ‘ರಾಷ್ಟ್ರ’ಗಳೆಂಬ ಕೂಟಗಳಾಗಿ ಒಡೆದಿತ್ತು, ಐರಿಷರು ಸೇರುತ್ತಿದ್ದದ್ದು ಜರ್ಮನ್ ರಾಷ್ಟ್ರಕ್ಕೆ. ಆ ಕೂಟದ ಪುಸ್ತಕ ತೆರೆಯದವರಿಗೆ ಐರಿಷ್ ಪದವೀಧರರು ಸಿಗುವುದಿಲ್ಲ.

ಹೆಸರಿನ ಗೋಜಲು ಈ ಕೆಲಸದ ಬಹುದೊಡ್ಡ ಕಷ್ಟ. ಒಬ್ಬನೇ ಹುಡುಗ ಮನೆಯಲ್ಲಿ ಐರಿಷ್ ಹೆಸರಿನವನು, ಸರ್ಕಾರದ ಕಾಗದದಲ್ಲಿ ಇಂಗ್ಲಿಷ್ ಹೆಸರಿನವನು, ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಹೆಸರಿನವನು. ಟೈಗ್ ಎಂಬವನು ಲ್ಯಾಟಿನ್‌ನಲ್ಲಿ ಥಡೇಯುಸ್, ಇಂಗ್ಲಿಷಿನಲ್ಲಿ ತಿಮೊತಿ ಅಥವಾ ಥೇಡಿ. ಡಿಯರ್ಮಿಡ್ ಎಂಬವನು ಜೆರೆಮಿಯಾಸ್, ಓವನ್ ಎಂಬವನು ಯುಜೇನಿಯುಸ್. ಮನೆತನದ ಹೆಸರನ್ನು ವಿದೇಶಿ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ. ಮೊದಲಿನ ‘ಓ’, ‘ಮ್ಯಾಕ್’ಗಳನ್ನು ಕೆಲವೊಮ್ಮೆ ಬಿಟ್ಟ, ಕೆಲವೊಮ್ಮೆ ಹೆಸರಿಗೇ ಅಂಟಿಸಿದ. ಲೂವೆನ್‌ನ ಸಂತ ಅಂತೋನಿ ಕಾಲೇಜಿನಲ್ಲಿದ್ದು 1626ರಲ್ಲಿ ಆರ್ಮಾದ ಆರ್ಚ್‌ಬಿಷಪ್ ಆಗಿ ನೇಮಕಗೊಂಡ ವಿದ್ವಾಂಸ ಇಂಗ್ಲಿಷಿನಲ್ಲಿ ಹ್ಯೂ ಮೆಕ್‌ಕಾವೆಲ್, ಲ್ಯಾಟಿನ್‌ನಲ್ಲಿ ಹ್ಯೂಗೊ ಕಾವೆಲ್ಲುಸ್, ಐರಿಷ್ ಬರಹದಲ್ಲಿ ಮಕ್ ಆಂಗಿಲ್. ಸಂನ್ಯಾಸ ತೆಗೆದುಕೊಂಡವರದು ಇನ್ನೂ ಒಂದು ಸುತ್ತು: ಐರ್ಲೆಂಡಿನ ಪುರಾತನ ವೃತ್ತಾಂತಗಳನ್ನು 1632ರಿಂದ 1636ರವರೆಗೆ ಸಂಗಡಿಗರೊಂದಿಗೆ ಸಂಕಲಿಸಿದ ಲೂವೆನ್‌ನ ಸಂನ್ಯಾಸಿ ಮೈಕೆಲ್ ಓ'ಕ್ಲೆರಿಗೆ ಹುಟ್ಟಿನಲ್ಲಿ ಇಟ್ಟ ಹೆಸರು ಟೈಗ್. ಅವನ ಒಡಹುಟ್ಟಿದವರ ಮಕ್ಕಳ ವಂಶದವರು ದಫ್ತರದಲ್ಲಿ ಟೈಗ್‌ನನ್ನು ಹುಡುಕಿದರೆ ಸಿಗುವುದಿಲ್ಲ.

ಆದ್ದರಿಂದ ಅನುಭವಿಗಳು ಹೆಸರಿಗಿಂತ ಸ್ಥಳವನ್ನು ಹೆಚ್ಚು ನಂಬುತ್ತಾರೆ. ದಫ್ತರಗಳಲ್ಲಿ ಹೆಸರಿನ ಮುಂದೆ ‘ಹಿಬೆರ್ನುಸ್’, ಅಂದರೆ ಐರ್ಲೆಂಡಿನವನು, ಎಂದಷ್ಟೇ ಇದ್ದರೆ ಉಪಯೋಗ ಕಡಿಮೆ. ಅದೃಷ್ಟವಿದ್ದರೆ ಧರ್ಮಪ್ರಾಂತ್ಯದ ಹೆಸರೂ ಇರುತ್ತದೆ: ‘ಮಿಡೆನ್ಸಿಸ್’ ಎಂದರೆ ಮೀತ್, ‘ಲಾವೊನೆನ್ಸಿಸ್’ ಎಂದರೆ ಕಿಲ್ಲಲೂ, ‘ಅಲ್ಲಾಡೆನ್ಸಿಸ್’ ಎಂದರೆ ಕಿಲ್ಲಾಲ, ‘ರಾಪೊಟೆನ್ಸಿಸ್’ ಎಂದರೆ ರಫೋ. ಧರ್ಮಪ್ರಾಂತ್ಯದ ಗಡಿಯೂ ಕೌಂಟಿಯ ಗಡಿಯೂ ಒಂದೇ ಅಲ್ಲ. ಕಿಲ್ಲಲೂ ಧರ್ಮಪ್ರಾಂತ್ಯ ಕ್ಲೇರ್, ಟಿಪ್ಪರೆರಿ, ಆಫಲಿ ಕೌಂಟಿಗಳ ಭಾಗಗಳಲ್ಲಿ ಹರಡಿದೆ. ಮನೆತನ ಯಾವ ಕೌಂಟಿಯದೆಂದು ಗೊತ್ತಿದ್ದವರು ಅದು ಯಾವ ಧರ್ಮಪ್ರಾಂತ್ಯಕ್ಕೆ ಸೇರಿತ್ತೆಂದು ಮೊದಲು ನಕ್ಷೆಯಲ್ಲಿ ನೋಡಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಇಲ್ಲಿ ಒಂದು ಸಹಜವಾದ ಪ್ರಶ್ನೆ ಏಳುತ್ತದೆ. ಈ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಪಾದ್ರಿಗಳಾದರು. ಕ್ಯಾಥೊಲಿಕ್ ಪಾದ್ರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಹಾಗಿದ್ದಮೇಲೆ ಅವರು ಯಾರ ಪೂರ್ವಜರು? ಉತ್ತರವೆಂದರೆ, ಸಿಗುವುದು ಬಹುಮಟ್ಟಿಗೆ ಮುತ್ತಜ್ಜನಲ್ಲ, ಮುತ್ತಜ್ಜನ ಅಣ್ಣನೋ ತಮ್ಮನೋ, ಮುತ್ತಜ್ಜಿಯ ಸೋದರಮಾವನೋ. ವಂಶಾವಳಿ ಹುಡುಕುವವರಿಗೆ ಇದು ನಷ್ಟವೆನಿಸಬಹುದು, ನಿಜದಲ್ಲಿ ಇದೇ ಲಾಭ. ಮಕ್ಕಳಿಲ್ಲದವನ ಆಸ್ತಿ ಒಡಹುಟ್ಟಿದವರ ಮಕ್ಕಳಿಗೆ ಹೋಗುತ್ತದೆ. ಹಾಗೆ ಹೋಗುವಾಗ ಅವರ ಹೆಸರುಗಳನ್ನೆಲ್ಲ ಬರೆಯಲೇಬೇಕಾಗುತ್ತದೆ.

ಅದರ ಅತ್ಯುತ್ತಮ ಉದಾಹರಣೆ ವಿದ್ಯಾರ್ಥಿ ದತ್ತಿಗಳು. ಪರದೇಶದಲ್ಲಿ ನೆಲೆ ಕಂಡ ಐರಿಷ್ ಪಾದ್ರಿ, ಪ್ರಾಧ್ಯಾಪಕ, ವೈದ್ಯ, ಕೆಲವೊಮ್ಮೆ ಸೇನಾಧಿಕಾರಿ ತನ್ನ ಉಳಿತಾಯವನ್ನು ಬಡ್ಡಿಗೆ ಹೂಡಿ, ಆ ವರಮಾನದಿಂದ ಪ್ಯಾರಿಸ್‌ನಲ್ಲೋ ಲೂವೆನ್‌ನಲ್ಲೋ ಒಬ್ಬ ಇಬ್ಬರು ಹುಡುಗರ ಊಟ, ವಸತಿ, ಓದು ನಡೆಯಲೆಂದು ಬರೆದಿಡುತ್ತಿದ್ದ. ಬರೆಯುವಾಗ ಷರತ್ತು ಹಾಕುತ್ತಿದ್ದ. ಮೊದಲ ಹಕ್ಕು ತನ್ನ ರಕ್ತಸಂಬಂಧಿಗಳಿಗೆ, ಅವರಲ್ಲಿ ಯಾರೂ ಇಲ್ಲವಾದರೆ ತನ್ನ ಮನೆತನದ ಹೆಸರಿನವರಿಗೆ, ಆಮೇಲೆ ತನ್ನ ಊರಿನವರಿಗೆ, ಕೊನೆಗೆ ತನ್ನ ಧರ್ಮಪ್ರಾಂತ್ಯದವರಿಗೆ. ಹುಡುಗನನ್ನು ಆರಿಸುವ ಅಧಿಕಾರವನ್ನು ಊರಿನ ಬಿಷಪ್ಪನಿಗೋ ಮನೆತನದ ಹಿರಿಯನಿಗೋ ಕೊಡುತ್ತಿದ್ದ.

ದತ್ತಿ ಮಾಡಿದವನು ಸತ್ತು ಐವತ್ತು, ನೂರು ವರ್ಷಗಳಾದಮೇಲೂ ಜಾಗ ಖಾಲಿಯಾದಾಗಲೆಲ್ಲ ಅರ್ಜಿಗಳು ಬರುತ್ತಿದ್ದವು. ಅರ್ಜಿದಾರ ತಾನು ಸ್ಥಾಪಕನ ತಂಗಿಯ ಮಗನ ಮಗಳ ಮಗನೆಂದು ಬರಿಯ ಬಾಯಲ್ಲಿ ಹೇಳಿದರೆ ಸಾಲದು. ತಲೆಮಾರು ತಲೆಮಾರಾಗಿ ಬರೆದು, ಬಿಷಪ್ಪನ ಸಹಿ ಹಾಕಿಸಿ, ಊರ ಹಿರಿಯರ ಸಾಕ್ಷಿಯೊಂದಿಗೆ ಕಳಿಸಬೇಕು. ಇಬ್ಬರು ಪೈಪೋಟಿಗೆ ಬಿದ್ದರಂತೂ ಎರಡು ವಂಶಾವಳಿಗಳು ಎದುರುಬದುರು ನಿಲ್ಲುತ್ತಿದ್ದವು. ಒಬ್ಬನದನ್ನು ಇನ್ನೊಬ್ಬ ತಪ್ಪೆಂದು ಸಾಧಿಸಲು ಹೊರಟಾಗ ಮತ್ತಷ್ಟು ಹೆಸರುಗಳು ಹೊರಬರುತ್ತಿದ್ದವು. ಜ್ಞಾನಸ್ನಾನದ ಪುಸ್ತಕವೇ ಇಲ್ಲದ ಊರಿನ ರೈತ ಮನೆತನವೊಂದರ ಮೂರು ನಾಲ್ಕು ತಲೆಮಾರು ಹೀಗೆ ಒಂದೇ ಹಾಳೆಯಲ್ಲಿ ಸಿಗಬಹುದು. ಅಕ್ಕತಂಗಿಯರ ಸಾಲು, ಅಂದರೆ ಮದುವೆಯಾಗಿ ಬೇರೆ ಮನೆತನಕ್ಕೆ ಹೋದ ಹೆಣ್ಣುಮಕ್ಕಳ ಸಂತತಿ, ಇಷ್ಟು ಜತನದಿಂದ ದಾಖಲಾದದ್ದು ಆ ಕಾಲದ ಐರಿಷ್ ಕಾಗದಗಳಲ್ಲಿ ತೀರ ವಿರಳ. ಹಣಕ್ಕೆ ಹಕ್ಕುದಾರರು ಯಾರೆಂದು ತೀರ್ಮಾನಿಸಬೇಕಾದಲ್ಲಿ ಸಂಬಂಧವನ್ನು ಬರೆದೇ ಇಡುತ್ತಾರೆ. ಆದ್ದರಿಂದ ವಿದ್ಯಾರ್ಥಿಯೊಬ್ಬನ ಹೆಸರು ಸಿಕ್ಕ ಕೂಡಲೇ ಅವನು ಯಾವ ದತ್ತಿಯಿಂದ ಓದಿದ ಎಂದು ಕೇಳಬೇಕು.

ಪಾದ್ರಿಯ ವಿಷಯದಲ್ಲಿ ಐರ್ಲೆಂಡಿನಲ್ಲೇ ಸಿಗುವ ಒಂದು ದಾಖಲೆ ಪರದೇಶದ ದಫ್ತರಕ್ಕೆ ಸೇತುವೆಯಾಗುತ್ತದೆ. 1704ರಲ್ಲಿ ಸರ್ಕಾರ ಎಲ್ಲ ಕ್ಯಾಥೊಲಿಕ್ ಪಾದ್ರಿಗಳೂ ಹೆಸರು ನೋಂದಾಯಿಸಬೇಕೆಂದು ಆಜ್ಞೆ ಮಾಡಿತು. ಅವರನ್ನು ಹತೋಟಿಯಲ್ಲಿಡುವುದು ಉದ್ದೇಶ. ಸಾವಿರಕ್ಕೂ ಹೆಚ್ಚು ಮಂದಿ ನೋಂದಾಯಿಸಿಕೊಂಡರು, ಪಟ್ಟಿ ಮರುವರ್ಷವೇ ಅಚ್ಚಾಯಿತು. ಪ್ರತಿಯೊಬ್ಬನ ವಾಸಸ್ಥಳ, ವಯಸ್ಸು, ನೋಡಿಕೊಳ್ಳುತ್ತಿದ್ದ ಧರ್ಮಕೇಂದ್ರ, ಗುರುದೀಕ್ಷೆ ಪಡೆದ ವರ್ಷ ಮತ್ತು ಸ್ಥಳ, ದೀಕ್ಷೆ ಕೊಟ್ಟ ಬಿಷಪ್ಪನ ಹೆಸರು ಅದರಲ್ಲಿವೆ. ದೀಕ್ಷೆ ಫ್ರಾನ್ಸಿನಲ್ಲೋ ಪೋರ್ಚುಗಲ್‌ನಲ್ಲೋ ಆಗಿದ್ದರೆ ಮುಂದೆ ಯಾವ ದೇಶದ ದಫ್ತರ ತೆರೆಯಬೇಕೆಂಬ ಸುಳಿವು ಅಲ್ಲೇ ಸಿಕ್ಕಂತಾಯಿತು. ಇನ್ನೊಂದು ಸಂಗತಿ ಅಷ್ಟೇ ಮುಖ್ಯ: ಪ್ರತಿ ಪಾದ್ರಿಗೂ ತಲಾ 50 ಪೌಂಡಿನ ಇಬ್ಬರು ಜಾಮೀನುದಾರರು ಬೇಕಿತ್ತು, ಅವರ ಹೆಸರೂ ದಾಖಲಾಗಿವೆ. ಅಷ್ಟು ಹಣಕ್ಕೆ ಹೊಣೆಯಾಗಲು ಮುಂದೆ ಬರುತ್ತಿದ್ದವರು ಸಾಮಾನ್ಯವಾಗಿ ಬಂಧುಗಳು ಅಥವಾ ಸೀಮೆಯ ಅನುಕೂಲಸ್ಥರು. ಊರಿನಲ್ಲೇ ದೀಕ್ಷೆಯಾದವನು ಪರದೇಶಕ್ಕೆ ಹೋಗಿರಲಿಕ್ಕಿಲ್ಲ ಎಂದು ಮಾತ್ರ ತೀರ್ಮಾನಿಸಬಾರದು. ಮೊದಲು ದೀಕ್ಷೆ ಪಡೆದು, ಬಲಿಪೂಜೆಯ ಕಾಣಿಕೆಯಿಂದ ಹೊಟ್ಟೆ ಹೊರೆಯುತ್ತ ಪ್ಯಾರಿಸ್‌ನಲ್ಲಿ ಓದಿದವರ ಸಂಖ್ಯೆ ದೊಡ್ಡದು. ದಫ್ತರದಲ್ಲಿ ಇಪ್ಪತ್ತೈದು ದಾಟಿದ ‘ವಿದ್ಯಾರ್ಥಿ’ ಕಂಡರೆ ಅಚ್ಚರಿಪಡಬೇಕಿಲ್ಲ.

ಪಾದ್ರಿಗಳಲ್ಲದೆ ಓದಿದವರೂ ಇದ್ದರು, ನೇರ ಪೂರ್ವಜರು ಸಿಗುವುದು ಇವರಲ್ಲೇ ಹೆಚ್ಚು. ವೈದ್ಯರಾಗಬಯಸಿದವರು ಮೊಂಪೆಲ್ಯೆ, ಪ್ಯಾರಿಸ್, ಪಾದುವಾ, ಲೈಡನ್‌ಗಳಲ್ಲಿ ಓದಿದರು. ಪದವಿಯನ್ನು ಮಾತ್ರ ಕಡಿಮೆ ಖರ್ಚಿನ ರೈಮ್ಸ್‌ನಲ್ಲಿ ಪಡೆದವರು ಬಹಳ. ಕೆರಿಯ ಬರ್ನಾರ್ಡ್ ಕಾನರ್ ಮೊಂಪೆಲ್ಯೆಯಲ್ಲಿ ಓದಿ, ರೈಮ್ಸ್‌ನ ಪದವಿ ಹಿಡಿದು, ಪೋಲೆಂಡಿನ ದೊರೆ ಯಾನ್ ಸೊಬಿಯೆಸ್ಕಿಯ ವೈದ್ಯನಾದ. ಓದಿದ ಊರೂ ಪದವಿಯ ಊರೂ ಬೇರೆಯಾಗಿರಬಹುದು ಎಂಬುದನ್ನು ಮರೆತರೆ ಅರ್ಧ ಜೀವನವೇ ಕೈತಪ್ಪುತ್ತದೆ. ಗಾಲ್ವೇಯಲ್ಲಿ 1763ರಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ಮೆಕ್‌ನೆವೆನ್‌ನನ್ನು ಓದಿಸಿದವನು ಮಹಾರಾಣಿ ಮರಿಯಾ ಥೆರೆಸಾಳ ಆಸ್ಥಾನ ವೈದ್ಯನಾಗಿದ್ದ ಅವನ ಬಂಧು. ಪ್ರಾಗ್‌ನಲ್ಲಿ ಕಲಿತು ವಿಯೆನ್ನಾದಲ್ಲಿ ಪದವಿ ಪಡೆದ ಮೆಕ್‌ನೆವೆನ್ ಐರಿಷ್ ಬಂಡಾಯದ ಮುಂದಾಳಾಗಿ 1798ರಲ್ಲಿ ಸೆರೆಸಿಕ್ಕ, 1805ರಲ್ಲಿ ನ್ಯೂಯಾರ್ಕ್ ಸೇರಿದ. ಒಬ್ಬ ಹಿರಿಯ ನೆಲೆ ನಿಂತ ಊರಿಗೆ ಮುಂದಿನ ತಲೆಮಾರು ಹೋಗುವುದು ಎಲ್ಲ ಕಡೆ ಕಾಣುವ ಕ್ರಮ; ಒಬ್ಬ ಸಿಕ್ಕ ಊರಿನಲ್ಲಿ ಅದೇ ಹೆಸರಿನ ಇನ್ನೊಬ್ಬನನ್ನು ಹುಡುಕುವುದು ಒಳ್ಳೆಯ ಅಭ್ಯಾಸ.

ಪ್ರಾಟೆಸ್ಟೆಂಟರಿಗೆ ಲೈಡನ್ ಮುಖ್ಯ. ಹರ್ಮನ್ ಬೂರ್ಹಾವನ ಪಾಠದಿಂದ 18ನೇ ಶತಮಾನದ ಆರಂಭದಲ್ಲಿ ಯೂರೋಪಿನ ವೈದ್ಯ ವಿದ್ಯಾರ್ಥಿಗಳೆಲ್ಲ ಅತ್ತ ಹರಿದರು. ಅದಕ್ಕೂ ಮೊದಲೇ, 1683ರಲ್ಲಿ, ಡಬ್ಲಿನ್‌ನ ಥಾಮಸ್ ಮಾಲಿನ್ಯೂ ಅಲ್ಲಿಗೆ ಹೋಗಿದ್ದ. ಲೈಡನ್‌ನ ಪ್ರವೇಶ ಪಟ್ಟಿ 1575ರಿಂದ 1875ರವರೆಗೆ ಒಂದೇ ಸಂಪುಟದಲ್ಲಿ ಅಚ್ಚಾಗಿದ್ದು, ಹೆಸರು, ದೇಶ, ವಯಸ್ಸು, ವಿಷಯ ನಾಲ್ಕನ್ನೂ ಕೊಡುತ್ತದೆ. ಕ್ಯಾಥೊಲಿಕ್ ಹುಡುಗರು ಐರಿಷ್ ಕಾಲೇಜಿನಲ್ಲೇ ಸಿಗುತ್ತಾರೆಂಬ ಭರವಸೆಯೂ ಇಲ್ಲ. ಮುಂದೆ ಕ್ಯಾಥೊಲಿಕರ ಹಕ್ಕುಗಳಿಗಾಗಿ ಹೋರಾಡಿದ ಡೇನಿಯಲ್ ಓ'ಕಾನೆಲ್ 1791ರಲ್ಲಿ ಸೇರಿದ್ದು ಸಾಂತ್ ಒಮೇರ್‌ನ ಇಂಗ್ಲಿಷ್ ಕಾಲೇಜಿಗೆ, ಆಮೇಲೆ ದೂಯೆಯ ಇಂಗ್ಲಿಷ್ ಕಾಲೇಜಿಗೆ. ಖರ್ಚು ಕೊಟ್ಟವನು ಮಕ್ಕಳಿಲ್ಲದ ದೊಡ್ಡಪ್ಪ.

ತಾರೀಖುಗಳನ್ನು ಹೊಂದಿಸುವಾಗ ಎಚ್ಚರ ಬೇಕು. ಕ್ಯಾಥೊಲಿಕ್ ದೇಶಗಳು 1582ರಿಂದ ಹೊಸ ಪಂಚಾಂಗಕ್ಕೆ ತಿರುಗಿದವು. ಐರ್ಲೆಂಡ್ ಬ್ರಿಟನ್ನಿನೊಂದಿಗೆ 1752ರವರೆಗೆ ಹಳೆಯದನ್ನೇ ಹಿಡಿದಿತ್ತು. ನಡುವಿನ ಅಂತರ 17ನೇ ಶತಮಾನದಲ್ಲಿ ಹತ್ತು ದಿನ, 1700ರಿಂದೀಚೆಗೆ ಹನ್ನೊಂದು. ಐರ್ಲೆಂಡಿನ ಕಾನೂನು ಕಾಗದಗಳಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಡಬ್ಲಿನ್‌ನಲ್ಲಿ 1701ರ ಫೆಬ್ರವರಿ ಎಂದು ಬರೆದದ್ದು ಪ್ಯಾರಿಸ್‌ನ ಲೆಕ್ಕಕ್ಕೆ 1702.

ಈ ಹರಿವು ಮುಗಿದದ್ದು ಫ್ರಾನ್ಸಿನ ಕ್ರಾಂತಿಯೊಂದಿಗೆ. ಅಲ್ಲಿನ ಕಾಲೇಜುಗಳು ಮುಚ್ಚಿದವು, ಲೂವೆನ್ ವಿಶ್ವವಿದ್ಯಾಲಯ 1797ರಲ್ಲಿ, ರೋಮ್‌ನ ಐರಿಷ್ ಕಾಲೇಜು 1798ರಲ್ಲಿ ಫ್ರೆಂಚ್ ಸೇನೆಯ ಆಡಳಿತದಲ್ಲಿ ನಿಂತುಹೋದವು. 1795ರಲ್ಲಿ ಮೇನೂತ್‌ನಲ್ಲಿ ಸರ್ಕಾರದ ನೆರವಿನಿಂದಲೇ ಕ್ಯಾಥೊಲಿಕ್ ಕಾಲೇಜು ತೆರೆದಮೇಲೆ ಹಡಗು ಹತ್ತುವ ಅಗತ್ಯ ಉಳಿಯಲಿಲ್ಲ. ಆದರೂ ಸಲಮಾಂಕಾದ ಕಾಲೇಜು 1951ರವರೆಗೆ ನಡೆಯಿತು. ಅದರ ಕಾಗದಪತ್ರಗಳು ಈಗ ಮೇನೂತ್‌ನ ರಸೆಲ್ ಗ್ರಂಥಾಲಯದಲ್ಲಿವೆ. ರೋಮ್‌ನ ಸಂತ ಇಸಿದೋರ್‌ನಲ್ಲಿದ್ದ ಫ್ರಾನ್ಸಿಸ್ಕನ್ ಹಸ್ತಪ್ರತಿಗಳು 1872ರಲ್ಲಿ ಡಬ್ಲಿನ್‌ಗೆ ಬಂದವು, ಈಗ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ವಶದಲ್ಲಿವೆ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳನ್ನು 2015ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಹುಡುಕಾಟ ಅಲ್ಲಿಂದ ಹೊರಟು ಹಿಂದಕ್ಕೆ ಹೋಗುವುದೇ ಸರಿಯಾದ ಕ್ರಮ. ಪ್ಯಾರಿಸ್‌ನ ಕಾಲೇಜಿನ ಸ್ವಂತ ಕಡತಗಳಲ್ಲಿ ಬಹಳಷ್ಟು ಕ್ರಾಂತಿಯಲ್ಲಿ ಕಳೆದುಹೋಗಿವೆ. ಅವುಗಳ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಆ ನಗರದ ನೋಟರಿಗಳ ಕಟ್ಟುಗಳು. ದತ್ತಿ ಪತ್ರ, ಉಯಿಲು, ಸಾಲಪತ್ರಗಳು ಸಾಮಾನ್ಯವಾಗಿ ನೋಟರಿಯ ಮುಂದೆ ಆಗುತ್ತಿದ್ದುದರಿಂದ ಅವುಗಳ ಪ್ರತಿ ಫ್ರಾನ್ಸಿನ ರಾಷ್ಟ್ರೀಯ ದಾಖಲಾಲಯದಲ್ಲಿ ಉಳಿದಿದೆ. 1701ರಿಂದ 1730ರವರೆಗೆ ಪ್ಯಾರಿಸ್‌ನಲ್ಲಿ ಕೆಲಸ ಮಾಡಿದ ಜಾನ್ ಫ್ರೊಮೋಂ ಎಂಬ ಒಬ್ಬ ನೋಟರಿಯ ಕಟ್ಟುಗಳಿಂದಷ್ಟೇ ಲಿಯಮ್ ಸ್ವರ್ಡ್ಸ್ ಐರಿಷ್ ಕಾಗದಗಳ ದೊಡ್ಡ ಸೂಚಿಯನ್ನೇ ಸಿದ್ಧಪಡಿಸಿದರು. ಪ್ಯಾರಿಸ್‌ನ ವಿದ್ಯಾರ್ಥಿಯ ಬೆನ್ನು ಹತ್ತಿದವರು ಪ್ರವೇಶ ಪಟ್ಟಿಯ ನಂತರ ನೋಡಬೇಕಾದದ್ದು ಅದನ್ನು.